ಉಂಡದ್ದನ್ನರಿಯುವ ವಿದ್ಯೆ

ಯಾವ ಶಾಲೆಯ ವಾರ್ಷಿಕೋತ್ಸವವೇ ಆಗಲಿ, ಅದರ ಕಟ್ಟಕಡೆಯ ಅಂಗ ವಂದನಾರ್ಪಣೆ. ಪೂಜ್ಯರ ಆಶೀರ್ವಚನ ಮುಗಿದಿರುತ್ತದೆ. ಮುಖ್ಯ ಅತಿಥಿಗಳ ಭಾಷಣವೂ ಬಹುಮಾನ ವಿತರಣೆಯೂ ಆಗಿಹೋಗಿರುತ್ತವೆ. ಸಭಿಕರಲ್ಲಿ ಅರ್ಧದಷ್ಟು ಮಂದಿ ಚಪ್ಪಲಿ ಹುಡುಕಲು ಎದ್ದಿರುತ್ತಾರೆ. ಆ ಗದ್ದಲದ ನಡುವೆ ಒಂಬತ್ತನೆಯ ತರಗತಿಯ ಬಾಲಕನೊಬ್ಬ ಧ್ವನಿವರ್ಧಕದ ಮುಂದೆ ನಿಂತು, ಗುರುಗಳು ಬರೆದುಕೊಟ್ಟ ಕಾಗದವನ್ನು ಒಂದೇ ಉಸಿರಿನಲ್ಲಿ ಓದುತ್ತಾನೆ. ಅಧ್ಯಕ್ಷರಿಗೆ, ಅತಿಥಿಗಳಿಗೆ, ದಾನಿಗಳಿಗೆ, ಪೆಂಡಾಲು ಹಾಕಿದವರಿಗೆ, ದೀಪದ ವ್ಯವಸ್ಥೆ ಮಾಡಿದವರಿಗೆ, ಹೀಗೆ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು ಸಲ್ಲುತ್ತವೆ. ಆ ಹೆಸರುಗಳ ಪೈಕಿ ಯಾರು ಏನು ಮಾಡಿದರೆಂಬುದು ಆ ಬಾಲಕನಿಗೆ ಬಹುಮಟ್ಟಿಗೆ ತಿಳಿಯದು. ಅವನಿಗೆ ಚೆನ್ನಾಗಿ ತಿಳಿದವರು, ಅಂದರೆ ಆ ದಿನ ಬೆಳಗಿನ ಜಾವದಲ್ಲೆದ್ದು ಸಾವಿರ ಜನಕ್ಕೆ ಅಡುಗೆ ಮಾಡಿದವರು, ಅಂಗಳ ಸಾರಿಸಿದವರು, ನೀರು ಸೇದಿದವರು, ಆ ಕಾಗದದಲ್ಲಿ ಇರುವುದಿಲ್ಲ.

ಬಾಲಕನ ಮೇಲೆ ತಪ್ಪು ಹೊರಿಸುವಂತಿಲ್ಲ. ಕೃತಜ್ಞತೆಯೆಂಬುದು ಸಭೆಯ ಕೊನೆಯಲ್ಲಿ ಓದಬೇಕಾದ ಒಂದು ಕಾಗದವೆಂದೇ ಅವನಿಗೆ ಕಲಿಸಲಾಗಿದೆ. ಅದು ಒಂದು ವಿದ್ಯೆ, ಉಳಿದ ವಿದ್ಯೆಗಳಂತೆ ಅದಕ್ಕೂ ಪಾಠಕ್ರಮ, ಅಭ್ಯಾಸ, ಪ್ರಮಾದಗಳಿವೆಯೆಂಬುದು ಶಿಕ್ಷಕರ ಗಮನಕ್ಕೆ ಬರುವುದೇ ಅಪರೂಪ.

ಪದದಿಂದಲೇ ತೊಡಗುವುದು ಒಳ್ಳೆಯದು. ‘ಕೃತ’ವೆಂದರೆ ಮಾಡಲ್ಪಟ್ಟದ್ದು, ಅದನ್ನು ಅರಿತವನು ಕೃತಜ್ಞ. ಸರ್ವಜ್ಞ, ಶಾಸ್ತ್ರಜ್ಞ, ರಸಜ್ಞ ಎಂಬ ಶಬ್ದಗಳಲ್ಲಿರುವ ‘ಜ್ಞ’ಕಾರವೇ ಇಲ್ಲಿಯೂ ಇರುವುದು. ಕೈಮುಗಿಯುವುದಾಗಲಿ, ಬಾಗುವುದಾಗಲಿ, ಬಾಯಿಂದ ಹೊಗಳುವುದಾಗಲಿ ಈ ಪದದ ಒಡಲಲ್ಲಿ ಇಲ್ಲ. ತನಗಾಗಿ ಏನು ಮಾಡಲ್ಪಟ್ಟಿತೆಂಬ ಅರಿವಷ್ಟೇ ಅದರ ಮೂಲಾರ್ಥ. ಇದಕ್ಕೆ ಪ್ರತಿಯಾದ ‘ಕೃತಘ್ನ’ ಶಬ್ದದಲ್ಲಿರುವುದು ‘ಹನ್’ ಧಾತು: ಮಾಡಿದ್ದನ್ನು ಕೊಂದವನು ಎಂದರ್ಥ. ಮರೆತವನನ್ನು ಕೊಲೆಗಾರನ ಸಾಲಿಗೆ ಸೇರಿಸಿದ ಹಿರಿಯರ ನಿಷ್ಠುರತೆ ಗಮನಾರ್ಹ. ಇವೆರಡು ಪದಗಳ ನಡುವೆ ಇರುವುದು ಒಂದು ಒತ್ತಕ್ಷರದ ಅಂತರ. ಉಕ್ತಲೇಖನದ ಪುಸ್ತಕಗಳನ್ನು ತಿದ್ದುವ ಕನ್ನಡ ಪಂಡಿತರಿಗೆ ಇದರ ಅನುಭವ ಸಾಕಷ್ಟಿರುತ್ತದೆ. ಊರ ಗೌಡರ ನೆರವನ್ನು ಸ್ಮರಿಸಿ ‘ಅನಂತ ಕೃತಘ್ನತೆಗಳು’ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದ ಪತ್ರಗಳು ಶಾಲೆಗಳಲ್ಲಿ ದುರ್ಲಭವೇನಲ್ಲ.

ಅಚ್ಚಗನ್ನಡದಲ್ಲಿ ಈ ಭಾವಕ್ಕೆ ಒದಗುವ ಕ್ರಿಯಾಪದ ‘ನೆನೆ’. ಉಪಕಾರವನ್ನು ನೆನೆಯುವುದು, ಕೊಟ್ಟ ಕೈಯನ್ನು ನೆನೆಯುವುದು. ರಾತ್ರಿ ನೀರಿನಲ್ಲಿಟ್ಟ ಕಡಲೆ ಬೆಳಗಿಗೆ ನೆನೆದಿರುತ್ತದೆಯಲ್ಲ, ಆ ‘ನೆನೆ’ಯೂ ಇಂದು ಅದೇ ರೂಪದಲ್ಲಿದೆ. ಹಳಗನ್ನಡದಲ್ಲಿ ಒದ್ದೆಯಾಗುವ ಅರ್ಥದ ಧಾತು ‘ನನೆ’. ಕಾಲಕ್ರಮದಲ್ಲಿ ಎರಡೂ ಒಂದೇ ಉಚ್ಚಾರಕ್ಕೆ ಬಂದು ನಿಂತಿವೆ. ವ್ಯಾಕರಣದ ದೃಷ್ಟಿಯಿಂದ ಅವು ಬೇರೆ ಬೇರೆ. ಆದರೂ ಪಾಠ ಹೇಳುವವನಿಗೆ ಈ ಆಕಸ್ಮಿಕ ಉಪಯುಕ್ತವಾಗಿದೆ. ಕಡಲೆ ನೆನೆಯುವುದಕ್ಕೆ ಒಂದು ರಾತ್ರಿ ಬೇಕು. ಅವಸರಿಸಿದರೆ ಅದು ಹಲ್ಲಿಗೆ ಕಲ್ಲಾಗಿಯೇ ಉಳಿಯುತ್ತದೆ.

ನಮ್ಮ ಹಳ್ಳಿಗಳಲ್ಲಿ ‘ಧನ್ಯವಾದ’ ಎಂದು ಬಾಯಿಬಿಟ್ಟು ಹೇಳುವ ರೂಢಿ ಹಿಂದೆ ಇರಲಿಲ್ಲ. ಹಸಿದು ಬಂದು ಉಂಡವನು ಏಳುವಾಗ ‘ನಿಮ್ಮ ಹೊಟ್ಟೆ ತಣ್ಣಗಿರಲಿ, ತಾಯಿ’ ಎಂದು ಹರಸುತ್ತಿದ್ದ. ವರ್ಷದ ಹಬ್ಬಗಳ ಸರಣಿಯನ್ನು ನೋಡಿದರೂ ಇದೇ ರೀತಿ ಕಾಣುತ್ತದೆ. ಕಾರಹುಣ್ಣಿಮೆಯಲ್ಲಿ ಎತ್ತುಗಳ ಮೈತೊಳೆದು ಸಿಂಗರಿಸುವುದು, ಶೀಗೆಹುಣ್ಣಿಮೆಯಲ್ಲಿ ತುಂಬಿ ನಿಂತ ಪೈರಿಗೆ ಪೂಜೆ ಸಲ್ಲಿಸುವುದು, ಎಳ್ಳಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ ಅನಂತರ ತಾವು ಉಣ್ಣುವುದು. ಇವುಗಳಲ್ಲಿ ಭಾಷಣವಿಲ್ಲ. ಆದರೆ ಯಾವುದರಿಂದ ಬದುಕು ನಡೆದಿದೆಯೆಂಬ ಅರಿವು ಇದೆ. ಅದರ ಜೊತೆಗೇ ಸಜ್ಜೆರೊಟ್ಟಿ, ಎಣ್ಣೆಗಾಯಿ, ಶೇಂಗಾಹೋಳಿಗೆಗಳ ಸವಿಯೂ ಇದೆ. ನೆನೆಯುವುದು, ಸವಿಯುವುದು ಎಂಬ ಎರಡು ಕ್ರಿಯೆಗಳನ್ನು ನಮ್ಮ ರೈತರು ಬೇರ್ಪಡಿಸಲಿಲ್ಲ.

ಕನ್ನಡ ನಾಡಿನಲ್ಲಿ ಕೃತಜ್ಞತೆಗೆ ಸಂಬಂಧಿಸಿದ ಅಪೂರ್ವವಾದ ದಾಖಲೆಯೊಂದು ಕಲ್ಲಿನ ಮೇಲಿದೆ. ಈಗಿನ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಶಾಸನವದು. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಮಡಿದ ಸಂದರ್ಭ. ಗಂಗರ ಬೂತುಗನು ತನ್ನ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಮಣಲೇರನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿಯೆಂಬ ಹೆಸರಿನ ಬೇಟೆನಾಯಿಯನ್ನು ಕೇಳಿ ಪಡೆದನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ನಾಯಿಯೂ ಸತ್ತಿತು, ಹಂದಿಯೂ ಸತ್ತಿತು. ಮಣಲೇರನು ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರನ ಸನ್ನಿಧಿಯಲ್ಲಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟನು. ಆ ಕಲ್ಲು ಇಂದು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ನಾಯಿ ಹಂದಿಗಳ ಹೋರಾಟವನ್ನು ಅದರಲ್ಲಿ ಕಂಡರಿಸಲಾಗಿದೆ.

ಶಾಲೆಯವರು ಗಮನಿಸಬೇಕಾದ ಮಾತು ಶಾಸನದ ಕಡೆಯಲ್ಲಿ ಬರುತ್ತದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆಂಬ ಕಟ್ಟಳೆಯನ್ನು ಅಲ್ಲಿ ವಿಧಿಸಲಾಗಿದೆ. ಗೊರವನು ದಿನವೂ ಉಣ್ಣುವವನು; ಆ ಉಣಿಸು ಬಂದದ್ದು ನಾಯಿಯ ಹೆಸರಿನಲ್ಲಿ ಬಿಟ್ಟ ಭೂಮಿಯಿಂದ. ಆದ್ದರಿಂದ ಉಣ್ಣುವ ಮುನ್ನ, ಕ್ಷಣಕಾಲವಾದರೂ, ಆ ಮೂಕಪ್ರಾಣಿಯ ನೆನಪಾಗಬೇಕು. ಸತ್ತ ನಾಯಿಗೆ ಸ್ತುತಿಯಿಂದ ಆಗಬೇಕಾದ್ದೇನೂ ಇಲ್ಲ. ಕಟ್ಟಳೆ ಇರುವುದು ಉಣ್ಣುವವನ ಸಲುವಾಗಿ.

ಇದೇ ಕಾಲದ ಶಾಸನಗಳಲ್ಲಿಯೂ ಕಾವ್ಯದಲ್ಲಿಯೂ ಇನ್ನೊಂದು ಬಗೆಯ ಕೃತಜ್ಞತೆ ಕಾಣುತ್ತದೆ. ಅದರ ಹೆಸರು ‘ಜೋಳದ ಪಾಳಿ’. ಒಡೆಯನ ಜೋಳವನ್ನುಂಡವನು ಸಮಯ ಬಂದಾಗ ಒಡೆಯನಿಗಾಗಿ ಪ್ರಾಣ ಕೊಡಬೇಕೆಂಬ ವೀರಧರ್ಮ ಅದು. ಎಂ. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನದಲ್ಲಿ ಈ ಪದ್ಧತಿಯನ್ನು ವೇಳೆವಾಳಿಯೊಡನೆ ವಿವೇಚಿಸಿದ್ದಾರೆ. ಪಂಪನ ವಿಕ್ರಮಾರ್ಜುನವಿಜಯದ ಕರ್ಣ ಇದರ ಮೇರುಮೂರ್ತಿ. ಕೃಷ್ಣನು ಜನ್ಮರಹಸ್ಯವನ್ನು ಹೊರಗೆಡಹಿ, ರಾಜ್ಯದ ಆಸೆಯನ್ನು ಮುಂದಿಟ್ಟರೂ ಕರ್ಣನು ಕದಲುವುದಿಲ್ಲ. ಆಗ ಅವನು ಮುಂದೊಡ್ಡುವ ಕಾರಣ ಅಂಗರಾಜ್ಯವಲ್ಲ. ಭಾನುಮತಿಯೊಡನೆ ನೆತ್ತವಾಡುವಾಗ ಮುತ್ತಿನ ಹಾರ ಹರಿದು ಚೆಲ್ಲಿದ್ದೂ, ಅದನ್ನು ಕಂಡ ದುರ್ಯೋಧನನು ಯಾವ ಸಂದೇಹವನ್ನೂ ಮನಸ್ಸಿಗೆ ತಾರದೆ ಮುತ್ತುಗಳನ್ನು ಆಯ್ದುಕೊಡಲೇ ಎಂದು ಕೇಳಿದ್ದೂ ಅವನ ನೆನಪಿಗೆ ಬರುತ್ತದೆ. ಸಿಂಹಾಸನಕ್ಕಿಂತ ಆ ಒಂದು ಗಳಿಗೆಯ ವಿಶ್ವಾಸವೇ ಅವನ ಹೃದಯವನ್ನು ಕಟ್ಟಿಹಾಕಿತ್ತು. ಕೃತವನ್ನು ಅರಿಯುವುದೆಂದರೆ ಏನೆಂಬುದಕ್ಕೆ ಇದಕ್ಕಿಂತ ನಿಚ್ಚಳವಾದ ಪಾಠ ಕನ್ನಡ ಕಾವ್ಯದಲ್ಲಿ ಸುಲಭವಾಗಿ ಸಿಗದು.

ಆದರೂ ಈ ಪಾಠವನ್ನು ತರಗತಿಯಲ್ಲಿ ಅರ್ಧಕ್ಕೆ ನಿಲ್ಲಿಸುವುದು ಅಪಾಯಕರ. ಕರ್ಣನ ಕೃತಜ್ಞತೆ ಅವನನ್ನು ಎಲ್ಲಿಗೆ ಒಯ್ದಿತೆಂಬುದನ್ನೂ ಮಕ್ಕಳಿಗೆ ಹೇಳಬೇಕು. ತನ್ನನ್ನು ಪೊರೆದವನ ಪಕ್ಷ ಅಧರ್ಮದ ಪಕ್ಷವೆಂದು ತಿಳಿದೂ ಅವನು ಬಿಡಲಾರದೆ ಹೋದ. ಉಂಡ ಜೋಳ ಪ್ರಾಣವನ್ನು ಮಾತ್ರವಲ್ಲ, ವಿವೇಕವನ್ನೂ ಕೊಂಡುಬಿಡಬಲ್ಲದು. ಕನ್ನಡಿಗರು ಇದಕ್ಕೊಂದು ಪದವನ್ನು ಇಟ್ಟುಕೊಂಡಿದ್ದಾರೆ: ಹಂಗು. ಉಪಕಾರ ಮಾಡಿದವನು ಅದನ್ನು ಎತ್ತಿ ಆಡತೊಡಗಿದೊಡನೆ, ಅಥವಾ ಪಡೆದವನು ತಲೆಯೆತ್ತಲು ಅಂಜತೊಡಗಿದೊಡನೆ, ಕೃತಜ್ಞತೆ ಹಂಗಾಗುತ್ತದೆ. ಹಂಗಿನಲ್ಲಿ ಅರಿವೂ ಇಲ್ಲ, ಸವಿಯೂ ಇಲ್ಲ, ಭಾರವೊಂದೇ.

ಹನ್ನೆರಡನೆಯ ಶತಮಾನದ ಶರಣರು ಬಿಡಿಸಲೆತ್ನಿಸಿದ್ದು ಈ ಗಂಟನ್ನೇ. ದಾನವೆಂಬ ಹಳೆಯ ಪದವಿದ್ದೂ ಅವರು ದಾಸೋಹವೆಂಬ ಪದವನ್ನು ಮುಂದಕ್ಕೆ ತಂದರು. ದಾನದಲ್ಲಿ ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಬೆವರು ಸುರಿಸಿ ದುಡಿದ ಕಾಯಕದ ಫಲ ಸಮಾಜದ್ದು. ಅದನ್ನು ಸಲ್ಲಬೇಕಾದಲ್ಲಿಗೆ ಸಲ್ಲಿಸುವವನು ನಿಮಿತ್ತಮಾತ್ರ. ಹೀಗೆ ಬಂದ ಅನ್ನವನ್ನು ಪಡೆದವನು ಯಾವ ಒಬ್ಬ ವ್ಯಕ್ತಿಗೂ ಒತ್ತೆಯಾಳಾಗುವುದಿಲ್ಲ. ಅವನು ಉಣ್ಣುವುದು ಒಡೆಯನ ಜೋಳವನ್ನಲ್ಲ, ಪ್ರಸಾದವನ್ನು. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಸಂಸ್ಕೃತದಲ್ಲಿ ಆ ಶಬ್ದಕ್ಕೆ ತಿಳಿಯಾಗುವುದು, ಪ್ರಸನ್ನವಾಗುವುದು ಎಂಬ ಅರ್ಥವೂ ಉಂಟು. ತಟ್ಟೆಯಲ್ಲಿ ಒಂದಗುಳನ್ನೂ ಬಿಡದೆ, ತಟ್ಟೆ ತೊಳೆದ ನೀರನ್ನೂ ಕುಡಿದು ಏಳುವ ಹಿರಿಯರನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಅದು ಜಿಪುಣತನದ ಕೆಲಸವೆಂದು ಭಾವಿಸುವವರು ಅವರ ಮುಖವನ್ನು ನೋಡಿರುವುದಿಲ್ಲ.

ಸವಿಗೆ ಮಿತಿಯೂ ಬೇಕೆಂಬುದನ್ನು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ತಿಳಿಸುತ್ತದೆ. ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾರೆಂದಳು. ಇಷ್ಟು ಸಾಕೆಂದು ಬಲ್ಲವರ ಬಾಯಿಗೆ ಮಾತ್ರ ಆ ಇಷ್ಟರ ರುಚಿ ಹತ್ತುತ್ತದೆ.

ನಮ್ಮ ನಾಡಿನ ಮಠಗಳ ಉಚಿತ ಪ್ರಸಾದ ನಿಲಯಗಳು ಈ ತತ್ತ್ವದ ಮೇಲೆಯೇ ನಿಂತವು. ಮನೆಮನೆಯ ತಾಯಂದಿರು ಅಡುಗೆಗೆ ಅಕ್ಕಿ ತೆಗೆಯುವಾಗ ದಿನಕ್ಕೊಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕಿಡುತ್ತಿದ್ದರು. ಸುಗ್ಗಿಯಲ್ಲಿ ರೈತರು ಚೀಲಗಟ್ಟಲೆ ಜೋಳ, ರಾಗಿಗಳನ್ನು ಬಂಡಿಯಲ್ಲಿ ತಂದಿಳಿಸುತ್ತಿದ್ದರು. ಸ್ವಾಮಿಗಳು ಜೋಳಿಗೆ ಹಿಡಿದು ಊರೂರು ತಿರುಗುತ್ತಿದ್ದರು. ಆ ಹಿಡಿ ಅಕ್ಕಿಯ ಮೇಲೆ ಯಾರ ಹೆಸರೂ ಇರಲಿಲ್ಲ. ತುಮಕೂರಿನ ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳು 1941ರಲ್ಲಿ ಮಠದ ಹೊಣೆ ಹೊತ್ತು, ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆಗಳನ್ನು ನೀಡಿದ ಕಥೆ ಎಲ್ಲರಿಗೂ ತಿಳಿದದ್ದು. 2019ರ ಜನವರಿ 21ರಂದು, ನೂರ ಹನ್ನೊಂದರ ಇಳಿವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಸುದ್ದಿಯನ್ನು ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತೆಂದು ಪತ್ರಿಕೆಗಳು ವರದಿ ಮಾಡಿದವು. ಕೊಟ್ಟವರು ತಮ್ಮ ಸಾವಿನಿಂದಲೂ ಉಣ್ಣುವವರ ತುತ್ತು ಕಹಿಯಾಗಬಾರದೆಂದು ಬಗೆದರು.

ಶಿರಸಂಗಿಯ ಲಿಂಗರಾಜ ದೇಸಾಯಿಯವರದು ಇನ್ನೊಂದು ರೀತಿ. ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ವಿದ್ಯಾಭ್ಯಾಸಕ್ಕೆಂದು ಬರೆದಿಟ್ಟು ಅವರು 1906ರಲ್ಲಿ ತೀರಿಕೊಂಡರು. ಆ ನಿಧಿಯಿಂದ ಓದಿದ ಹುಡುಗರಿಗೆ ಎದುರು ನಿಂತು ಕೈಮುಗಿಯಲು ದಾನಿಯೇ ಇರಲಿಲ್ಲ. ಹಾಗಾದರೆ ಆ ಕೃತಜ್ಞತೆ ಎಲ್ಲಿಗೆ ಹೋಗಬೇಕು? ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. ಕಣ್ಣಿಲ್ಲದ ಬಾಲಕ ಗದಿಗೆಯ್ಯನನ್ನು ಹಾನಗಲ್ಲ ಕುಮಾರಸ್ವಾಮಿಗಳು ಪೊರೆದು ಸಂಗೀತ ಕಲಿಸಿದರು. ಆ ಬಾಲಕನೇ ಪಂಚಾಕ್ಷರಿ ಗವಾಯಿಗಳಾಗಿ ಬೆಳೆದು ಅಂಧ ಅನಾಥ ಮಕ್ಕಳನ್ನು ಕೂಡಿಸಿಕೊಂಡು ನಾಡೆಲ್ಲ ಸುತ್ತಿದರು, ನಾಟಕ ಕಟ್ಟಿ ಅವರಿಗೆ ಅನ್ನ ಹಾಕಿದರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಶಿಷ್ಯ, ತಾವೂ ದೃಷ್ಟಿಹೀನರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಆ ಕಾರ್ಯವನ್ನು ನಡೆಸಿದರು. ಬಂದ ಉಪಕಾರ ಬಂದತ್ತ ಮರಳಲಿಲ್ಲ, ಮುಂದಕ್ಕೆ ಹರಿಯಿತು.

ಇಷ್ಟು ಹಿನ್ನೆಲೆಯಿರುವ ನಾಡಿನಲ್ಲಿ ಶಾಲೆಗಳು ಕೆಲವೊಮ್ಮೆ ನಡೆದುಕೊಳ್ಳುವ ರೀತಿ ಖೇದಕರ. ಸಮವಸ್ತ್ರ ಹಂಚುವ ದಿನ ಬಡ ಮಕ್ಕಳನ್ನೆಲ್ಲ ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸುವುದುಂಟು. ಕೊಡುವವರ ಕೈಯೂ ಪಡೆಯುವವರ ಕೈಯೂ ಏಕಕಾಲದಲ್ಲಿ ಬಟ್ಟೆಯ ಮೇಲಿರಬೇಕು, ಮುಖಗಳು ಛಾಯಾಗ್ರಾಹಕನತ್ತ ತಿರುಗಿರಬೇಕು. ಚಿತ್ರ ಸರಿಯಾಗಿ ಬಾರದಿದ್ದರೆ ಹುಡುಗ ಪಡೆದ ಬಟ್ಟೆಯನ್ನು ಹಿಂದಕ್ಕೆ ಕೊಟ್ಟು ಮತ್ತೊಮ್ಮೆ ಪಡೆಯಬೇಕು. ಹನ್ನೆರಡು ವರ್ಷದ ಹುಡುಗನಿಗೆ ತನ್ನ ಬಡತನ ಊರಿಗೆಲ್ಲ ತಿಳಿಯಿತೆಂಬ ನಾಚಿಕೆಯನ್ನು ಬಿಟ್ಟು ಬೇರೇನೂ ಆಗ ಅರಿವಿಗೆ ಬರುವುದಿಲ್ಲ. ಆ ಅಂಗಿಯನ್ನು ಅವನು ತೊಡುತ್ತಾನೆ, ಸವಿಯುವುದಿಲ್ಲ. ದೊಡ್ಡವನಾದ ಮೇಲೆ ಆ ಬೀದಿಯಲ್ಲಿ ಹಾಯಲು ಅವನು ಹಿಂಜರಿದರೆ, ಕೃತಘ್ನನೆಂದು ದೂರುವವರು ಆ ದಿನದ ಚಿತ್ರವನ್ನು ತೆಗೆದು ನೋಡಬೇಕು. ಬೀಸಣಿಗೆಯ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರನ್ನು ಬರೆಸುವುದು ಅಷ್ಟು ಹಾನಿಕರವಲ್ಲ. ಅದು ತಿರುಗುವಾಗ ಹೆಸರು ಹೇಗೂ ಕಾಣುವುದಿಲ್ಲ. ದಾನಿಗಳಲ್ಲಿ ಹೆಚ್ಚಿನವರು ಇಂಥ ಪ್ರದರ್ಶನವನ್ನು ಬಯಸುವವರಲ್ಲ; ತಾವೂ ಒಂದು ಕಾಲದಲ್ಲಿ ಮಠದ ಪಂಕ್ತಿಯಲ್ಲಿ ಕುಳಿತು ಉಂಡವರು ಅವರಲ್ಲಿ ಅನೇಕರಿದ್ದಾರೆ. ಅವರನ್ನು ಮೆಚ್ಚಿಸಬೇಕೆಂಬ ವ್ಯವಸ್ಥಾಪಕರ ಅತ್ಯುತ್ಸಾಹದಿಂದಲೇ ಈ ಪರಿಪಾಠ ಬೆಳೆದಿದೆ.

ಹಾಗಾದರೆ ಕಲಿಸುವ ಬಗೆ ಯಾವುದು? ಇತ್ತೀಚಿನ ದಶಕಗಳಲ್ಲಿ ಅಮೆರಿಕೆಯ ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ಪ್ರಯೋಗಕ್ಕೆ ಒಳಪಡಿಸಿದ್ದಾರೆ. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ ಎಂಬವರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೆಲವರಿಗೆ ವಾರಕ್ಕೊಮ್ಮೆ, ಹತ್ತು ವಾರಗಳ ಕಾಲ, ತಮಗೆ ಒದಗಿದ ಒಳಿತುಗಳನ್ನು ಐದರವರೆಗೆ ಬರೆಯಲು ಹೇಳಲಾಯಿತು. ಬೇರೆ ಕೆಲವರಿಗೆ ಕಿರಿಕಿರಿಗಳನ್ನು ಬರೆಯಲು ಹೇಳಲಾಯಿತು. ಒಳಿತನ್ನು ಬರೆದವರಿಗೆ ತಮ್ಮ ಬಾಳು ಹೆಚ್ಚು ಹಸನಾಗಿ ತೋರಿತು. ಜೆಫ್ರಿ ಫ್ರೋ ಮತ್ತು ಸಂಗಡಿಗರು 2008ರಲ್ಲಿ ಆರು, ಏಳನೆಯ ತರಗತಿಗಳ ಇನ್ನೂರ ಇಪ್ಪತ್ತೊಂದು ಮಕ್ಕಳೊಡನೆ ಎರಡು ವಾರ ಇಂಥದೇ ಪ್ರಯೋಗ ಮಾಡಿದಾಗ, ಒಳಿತನ್ನು ಎಣಿಸಿದ ಮಕ್ಕಳಿಗೆ ತಮ್ಮ ಶಾಲೆಯ ಬಗ್ಗೆ ತೃಪ್ತಿ ಹೆಚ್ಚಿತ್ತು. ಆದರೆ ಬರೆಯುವುದನ್ನು ಅತಿಯಾಗಿಸಬಾರದು. ಸೋನ್ಯಾ ಲ್ಯುಬೊಮಿರ್ಸ್ಕಿಯವರ ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಪ್ರಯೋಜನ ಕಂಡಿತು, ವಾರಕ್ಕೆ ಮೂರು ಬಾರಿ ಬರೆದವರಿಗೆ ಕಾಣಲಿಲ್ಲ. ಪಟ್ಟಿ ರೂಢಿಯಾದರೆ ಅದೂ ಇನ್ನೊಂದು ವಂದನಾರ್ಪಣೆಯಾಗುತ್ತದೆಂದು ಇದರಿಂದ ಊಹಿಸಬಹುದು.

ಇವೆಲ್ಲಕ್ಕಿಂತ ಉಪಯುಕ್ತವಾದದ್ದು ಫ್ರೋ ಅವರದೇ 2014ರ ಅಧ್ಯಯನ. ಎಂಟರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಕೃತಜ್ಞರಾಗಿರಿ ಎಂದು ಅಲ್ಲಿ ಉಪದೇಶಿಸಲಿಲ್ಲ. ಯಾರಾದರೂ ನೆರವಾದಾಗ ಮೂರು ಸಂಗತಿಗಳನ್ನು ಯೋಚಿಸಲು ಕಲಿಸಿದರು: ಅವರು ಬೇಕೆಂದೇ ಮಾಡಿದರೋ, ಅದಕ್ಕಾಗಿ ಏನನ್ನು ತೆತ್ತರು, ಅದರಿಂದ ತನಗೆ ಆದ ಒಳಿತೇನು. ಈ ಪಾಠ ಕೇಳಿದ ಮಕ್ಕಳು ಯಾರ ಒತ್ತಾಯವೂ ಇಲ್ಲದೆ ಹೆಚ್ಚು ಉಪಕಾರಸ್ಮರಣೆಯ ಪತ್ರಗಳನ್ನು ಬರೆದರು. ‘ಕೃತ’ವನ್ನು ಕಲಿಸಿದರೆ ‘ಜ್ಞ’ಕಾರ ತಾನಾಗಿ ಬರುತ್ತದೆಂಬುದನ್ನು ಅವರು ಬೇರೊಂದು ದಾರಿಯಿಂದ ಕಂಡುಕೊಂಡರೆನ್ನಬೇಕು.

ನಮ್ಮ ಪ್ರಸಾದ ನಿಲಯಗಳಲ್ಲಿ ಈ ಪಾಠಕ್ಕೆ ಜೋಳದ ರೊಟ್ಟಿಯೊಂದೇ ಸಾಕು. ತರಗತಿಯಲ್ಲಿ ಒಂದು ರೊಟ್ಟಿಯನ್ನು ಮೇಜಿನ ಮೇಲಿಟ್ಟು, ಅದು ಬಂದ ದಾರಿಯನ್ನು ಹಿಂದು ಹಿಂದಕ್ಕೆ ಹೇಳುತ್ತ ಹೋಗಲು ಮಕ್ಕಳಿಗೆ ತಿಳಿಸಬೇಕು. ರೊಟ್ಟಿ ಬಡಿದ ಅಕ್ಕ ಒಲೆಯ ಮುಂದೆ ಎಷ್ಟು ಹೊತ್ತಿಗೆ ಕುಳಿತಳು? ಹಿಟ್ಟು ಬೀಸಿದ್ದು ಎಲ್ಲಿ? ಜೋಳದ ಚೀಲವನ್ನು ಬಂಡಿಯಿಂದ ಇಳಿಸಿದವರಾರು? ಹಿಂಗಾರಿ ಜೋಳವನ್ನು ಬಿತ್ತಿದ್ದು ಯಾವ ಮಳೆಗೆ, ಕಟಾವು ಮಾಡಿದ್ದು ಯಾವ ತಿಂಗಳಲ್ಲಿ? ತೆನೆಗೆ ಹಾಲು ತುಂಬುವಾಗ ಹಕ್ಕಿ ಕಾಯುತ್ತ ಅಟ್ಟಣಿಗೆಯ ಮೇಲೆ ಕವಣೆ ಬೀಸಿದ ಹುಡುಗ ಆ ದಿನಗಳಲ್ಲಿ ಶಾಲೆಗೆ ಹೋಗಿದ್ದನೋ ಇಲ್ಲವೋ? ಈ ಕೊನೆಯ ಪ್ರಶ್ನೆಗೆ ಬರುವ ಹೊತ್ತಿಗೆ ತರಗತಿ ಸ್ತಬ್ಧವಾಗುತ್ತದೆ. ಅಲ್ಲಿ ಕುಳಿತವರಲ್ಲೇ ಒಬ್ಬಿಬ್ಬರು ಆ ಹುಡುಗರಾಗಿರುವುದುಂಟು. ಅವರು ಎದ್ದುನಿಂತು ಹೇಳತೊಡಗಿದರೆ ಶಿಕ್ಷಕನು ಸುಮ್ಮನೆ ಕೇಳಬೇಕು. ಇದುವರೆಗೆ ಪಡೆಯುವವನಾಗಿಯೇ ಕುಳಿತಿದ್ದವನು ತಾನೂ ಕೊಟ್ಟವನೆಂಬುದನ್ನು ಆಗ ಅರಿಯುತ್ತಾನೆ. ಹಂಗು ಕಳಚುವುದು ಅಲ್ಲಿ.

ಸವಿಯುವುದನ್ನೂ ಹೀಗೆಯೇ ಕಲಿಸಬಹುದು. ಭರತಮುನಿಯು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ರಸವೆಂದರೇನೆಂದು ವಿವರಿಸುವಾಗ ಅಡುಗೆಯನ್ನೇ ದೃಷ್ಟಾಂತವಾಗಿ ತೆಗೆದುಕೊಂಡಿದ್ದಾನೆ. ಬಗೆಬಗೆಯ ವ್ಯಂಜನಗಳಿಂದ ಕೂಡಿದ ಅನ್ನವನ್ನು ಪ್ರಸನ್ನಚಿತ್ತರಾಗಿ ಉಣ್ಣುವವರನ್ನು ಅವನು ಪ್ರೇಕ್ಷಕರಿಗೆ ಹೋಲಿಸುತ್ತಾನೆ. ಅಭಿನವಗುಪ್ತನು ರಸಾನುಭವವನ್ನು ‘ಚರ್ವಣೆ’ ಎನ್ನುತ್ತಾನೆ, ಎಂದರೆ ಅಗಿಯುವುದು. ಈ ಪರಂಪರೆಗೆ ವಾರಸುದಾರರಾದ ಕನ್ನಡ ಶಿಕ್ಷಕರೇ ಪದ್ಯವನ್ನು ನುಂಗಿಸುವವರಾಗಿರುವುದು ವಿಪರ್ಯಾಸ. ಅನ್ವಯ, ಶಬ್ದಾರ್ಥ, ಭಾವಾರ್ಥ, ಅಲಂಕಾರ, ಸಂದರ್ಭ ಸಹಿತ ಸ್ವಾರಸ್ಯ. ಗಂಟೆ ಬಾರಿಸುವುದರೊಳಗೆ ಇಷ್ಟೂ ಮುಗಿಯಬೇಕು. ‘ಸ್ವಾರಸ್ಯ’ವೆಂಬ ಪದ ಪ್ರಶ್ನಪತ್ರಿಕೆಯಲ್ಲಿ ಮೂರು ಅಂಕಗಳ ಹೆಸರಾಗಿ ಉಳಿದಿದೆ. ವಾರದಲ್ಲಿ ಒಂದು ಅವಧಿಯಾದರೂ ಯಾವ ಪ್ರಶ್ನೆಯನ್ನೂ ಕೇಳದೆ ಒಂದೇ ಪದ್ಯವನ್ನು ಎರಡು ಮೂರು ಬಾರಿ ರಾಗವಾಗಿ ಓದಿ, ಮಕ್ಕಳಿಗೆ ಹಿಡಿಸಿದ ಒಂದೊಂದು ಮಾತನ್ನು ಪಕ್ಕದವನಿಗೆ ಹೇಳುವಂತೆ ಬಿಟ್ಟರೆ ನಷ್ಟವೇನೂ ಆಗದು. ಸವಿಯನ್ನೇ ಕುರಿತು 2007ರಲ್ಲಿ ಗ್ರಂಥ ಬರೆದ ಫ್ರೆಡ್ ಬ್ರಯಂಟ್ ಮತ್ತು ಜೋಸೆಫ್ ವೆರಾಫ್ ಕೂಡ, ಒಳ್ಳೆಯದನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳುವುದನ್ನು ಸವಿಯುವ ಬಗೆಗಳಲ್ಲೊಂದಾಗಿ ಎಣಿಸಿದ್ದಾರೆ.

ಊಟದ ಪಂಕ್ತಿಯಲ್ಲಿಯೂ ಇದಕ್ಕೆ ಎಡೆಯಿದೆ. ನೂರಾರು ಮಕ್ಕಳು ಒಟ್ಟಿಗೆ ಪ್ರಾರ್ಥನೆ ಹೇಳಿ, ಮುಗಿದೊಡನೆ ಗದ್ದಲದಲ್ಲಿ ಗಬಗಬ ತಿಂದು ಏಳುವುದು ಸಾಮಾನ್ಯ ದೃಶ್ಯ. ಮೊದಲ ತುತ್ತು ಬಾಯಿಯಲ್ಲಿ ಕರಗುವವರೆಗೆ ಯಾರೂ ಮಾತಾಡಕೂಡದೆಂಬ ಒಂದೇ ನಿಯಮವನ್ನು ಇಡಬಹುದು. ಅದಕ್ಕಿಂತ ಹೆಚ್ಚಿನ ಕಟ್ಟುಪಾಡು ಬೇಡ. ಹಸಿದ ಮಕ್ಕಳ ಮುಂದೆ ತಟ್ಟೆಯಿಟ್ಟು ಸವಿಯ ಮಹಿಮೆಯನ್ನು ಹದಿನೈದು ನಿಮಿಷ ಉಪನ್ಯಾಸ ಮಾಡುವುದು ಹಿಂಸೆ. ಸಾರು ಉಪ್ಪಾಗಿದ್ದ ದಿನ ಉಪ್ಪಾಗಿದೆಯೆಂದು ಹೇಳುವ ಸ್ವಾತಂತ್ರ್ಯವೂ ಮಕ್ಕಳಿಗಿರಬೇಕು. ಉಚಿತವಾಗಿ ಬಂದದ್ದರ ಕೊರತೆಯನ್ನು ಎತ್ತಿ ಆಡಬಾರದೆಂದು ಬಾಯಿಮುಚ್ಚಿಸಿದರೆ, ಮತ್ತೆ ಜೋಳದ ಪಾಳಿಯ ಕಾಲಕ್ಕೆ ಮರಳಿದಂತಾಯಿತು. ರುಚಿಗೆಟ್ಟದ್ದನ್ನು ಗುರುತಿಸಲಾರದ ನಾಲಗೆ ರುಚಿಯಾದದ್ದನ್ನು ಹೇಗೆ ಗುರುತಿಸೀತು?

ಮನೆಯಲ್ಲಿ ಕಷ್ಟವಿರುವ ಮಗುವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಂದೆಯನ್ನು ಕಳೆದುಕೊಂಡು ಆ ವರ್ಷವೇ ನಿಲಯಕ್ಕೆ ಬಂದು ಸೇರಿದ ಹುಡುಗನಿಗೆ ಈ ವಾರದ ಐದು ಒಳಿತುಗಳನ್ನು ಬರೆ ಎಂದು ಹೇಳುವುದು ಕ್ರೌರ್ಯ. ಅವನ ಪುಟ ಖಾಲಿಯಿದ್ದರೆ ಖಾಲಿಯಿರಲಿ. ಸಂಜೆ ಅವನ ಪಕ್ಕದಲ್ಲಿ ಕುಳಿತು ಊರ ಸುದ್ದಿ ಮಾತಾಡುವ ಗುರು ಸಿಕ್ಕರೆ, ಮುಂದೊಂದು ದಿನ ಆ ಪುಟದಲ್ಲಿ ಒಂದು ಸಾಲು ಮೂಡಬಹುದು. ಮೂಡದೆಯೂ ಇರಬಹುದು.

ಉಳಿದ ಮಕ್ಕಳು ಶನಿವಾರ ಬೆಳಗಿನ ಶಾಲೆಯ ಕೊನೆಯ ಅವಧಿಯಲ್ಲಿ, ಆ ವಾರ ತಮಗೆ ಯಾರು ಏನು ಮಾಡಿದರು, ಅದಕ್ಕೆ ಅವರು ಏನನ್ನು ತೆತ್ತಿರಬೇಕು ಎಂಬುದನ್ನು ನಾಲ್ಕೈದು ಸಾಲುಗಳಲ್ಲಿ ಬರೆಯಲಿ. ಗೆಳೆಯ ಬಳಪ ಕೊಟ್ಟದ್ದಿರಬಹುದು, ಜ್ವರ ಬಂದಾಗ ಅಡುಗೆಯ ಅಜ್ಜಿ ಗಂಜಿ ಕಾಯಿಸಿದ್ದಿರಬಹುದು, ಮಳೆ ಬಂದದ್ದೂ ಇರಬಹುದು. ಆ ಪುಸ್ತಕವನ್ನು ದಾನಿಗಳಿಗೆ ತೋರಿಸಕೂಡದು, ಸಭೆಯಲ್ಲಿ ಓದಿಸಕೂಡದು, ಅಂಕ ಕೊಡಕೂಡದು. ತಪ್ಪಕ್ಷರಗಳನ್ನು ತಿದ್ದುವ ಚಪಲವನ್ನು ಕೂಡ ಪಂಡಿತರು ಅಂದಿನ ಮಟ್ಟಿಗೆ ಹತ್ತಿಕ್ಕಬೇಕು. ‘ಘ್ನ’ ಒತ್ತು ಬಿದ್ದ ಆ ಒಂದು ಪದವನ್ನು ಮಾತ್ರ ಕೆಂಪು ಶಾಯಿಯಲ್ಲಿ ಗುರುತು ಹಾಕಿಡಬಹುದು.